ಮನೆಯ ಉಪಕರಣಗಳು ಮತ್ತು ವಿಕಿರಣದ ಭಯ

(ಅಧ್ಯಾಪಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಶಾಖದ ಪಾಠ ನಡೆಯುತ್ತಿರುವಾಗ ಹುಡುಗಿಯೊಬ್ಬಳು ಎದ್ದು ನಿಂತು, "ಸೂರ್ಯನ ಶಾಖ ವಿಕಿರಣದಿಂದ ಬರುತ್ತದೆ ಎಂದಿರಿ, ಟೀಚರ್. ಮೊಬೈಲಿನ ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ ಎಂದು ಮನೆಯಲ್ಲಿ ಅಜ್ಜಿ ಹೇಳುತ್ತಾರೆ. ಹಾಗಾದರೆ ಬಿಸಿಲಿನಿಂದಲೂ ಬರುತ್ತದೆಯೇ?" ಎಂದು ಕೇಳಿದಳೆನ್ನಿ. ಆ ಪ್ರಶ್ನೆಗೆ ನಕ್ಕು ಕುಳ್ಳಿರಿಸುವುದು ಸುಲಭ, ಉತ್ತರಿಸುವುದೇ ಅಧ್ಯಾಪನ.

ಗೊಂದಲದ ಮೂಲ ಶಬ್ದದಲ್ಲಿಯೇ ಇದೆ. ಬಿಸಿಲು, ದೀಪದ ಬೆಳಕು, ರೇಡಿಯೋ ತರಂಗ, ಕ್ಷ-ಕಿರಣ, ಅಣುಸ್ಥಾವರದ ಅವಘಡ, ಎಲ್ಲಕ್ಕೂ 'ವಿಕಿರಣ' ಎಂಬ ಒಂದೇ ಪದ ಬಳಕೆಯಾಗುತ್ತದೆ. ತಾಳವಾಡಿಯ ಮಗು ತಮಿಳು ವಾರ್ತೆಯಲ್ಲಿ 'ಕದಿರ್‌ವೀಚ್ಚು' ಎಂಬುದನ್ನೂ ಸೊಲ್ಲಾಪುರದ ಮಗು ಮರಾಠಿಯಲ್ಲಿ 'ಕಿರಣೋತ್ಸರ್ಗ' ಎಂಬುದನ್ನೂ ಕೇಳಿ ಬರುತ್ತದೆ. ಆದುದರಿಂದ ಗಡಿನಾಡಿನ ಶಾಲೆಯಲ್ಲಿ ಮೊದಲು ಶಬ್ದವನ್ನು ಬಿಡಿಸಿ ತೋರಿಸಬೇಕು.

ವಿಕಿರಣವು ಶಕ್ತಿಯ ಸಣ್ಣ ಸಣ್ಣ ಕಂತುಗಳಾಗಿ ಬರುತ್ತದೆ. ಮಾವಿನ ಮರಕ್ಕೆ ದಿನವಿಡೀ ಹತ್ತಿಯ ಉಂಡೆ ಎಸೆದರೂ ಕಾಯಿ ಉದುರದು. ಗುರಿಯಿಟ್ಟ ಒಂದೇ ಕಲ್ಲು ಸಾಕು. ಕ್ಷ-ಕಿರಣವೂ ಗಾಮಾ ಕಿರಣವೂ ಕಲ್ಲಿನಂಥವು. ಪರಮಾಣುವಿನಿಂದ ಇಲೆಕ್ಟ್ರಾನನ್ನು ಕಿತ್ತು ಜೀವಕೋಶಕ್ಕೆ ಹಾನಿ ಮಾಡಬಲ್ಲವು. ಮೊಬೈಲ್, ವೈಫೈ, ಮೈಕ್ರೋವೇವ್ ಒಲೆಗಳ ತರಂಗಗಳು ಹತ್ತಿಯಂಥವು. ಒಲೆಯ ತರಂಗದ ಆವರ್ತನ 2,450 ಮೆಗಾಹರ್ಟ್ಸ್. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಂತಿನ ಶಕ್ತಿ ಅದಕ್ಕಿಂತ ಸುಮಾರು ಎರಡು ಲಕ್ಷ ಪಟ್ಟು ಹೆಚ್ಚು! ಒಲೆಯ ತರಂಗಗಳು ಆಹಾರದಲ್ಲಿರುವ ನೀರನ್ನು ಬಿಸಿ ಮಾಡುತ್ತವೆಯೇ ಹೊರತು ಆಹಾರವನ್ನು ವಿಕಿರಣಶೀಲವಾಗಿಸುವುದಿಲ್ಲ. ಆ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಬಾಗಿಲಿನ ಲೋಹದ ಜಾಲರಿಯ ಕಿರುರಂಧ್ರಗಳಲ್ಲಿ ಅದು ಹೊರನುಸುಳದು. ಬಾಗಿಲು ಮುರಿದ ಒಲೆಯನ್ನು ಮಾತ್ರ ಬಳಸಬಾರದು.

ಹಾಗೆಂದು ಅಜ್ಜಿಯ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. 1967ರಲ್ಲಿ ಅಮೆರಿಕದಲ್ಲಿ ಕೆಲವು ಬಣ್ಣದ ಟಿವಿಗಳಿಂದ ಮಿತಿಮೀರಿ ಕ್ಷ-ಕಿರಣ ಹೊರಬೀಳುತ್ತಿದ್ದುದು ಪತ್ತೆಯಾಯಿತು. ಮರುವರ್ಷವೇ ಅಲ್ಲಿ ವಿಕಿರಣ ನಿಯಂತ್ರಣದ ಕಾನೂನು ಬಂದಿತು. ಟಿವಿಯಿಂದ ದೂರ ಕುಳಿತುಕೊಳ್ಳಿ ಎಂಬ ಹಿರಿಯರ ಮಾತಿಗೆ ಅಂದು ಆಧಾರವಿತ್ತು. ಇಂದಿನ ಚಪ್ಪಟೆ ಪರದೆಯಲ್ಲಿ ಆ ಕೊಳವೆಯೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ರೇಡಿಯೋ ತರಂಗಗಳನ್ನು '2ಬಿ' ವರ್ಗಕ್ಕೆ, ಎಂದರೆ 'ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು' ಎಂಬ ವರ್ಗಕ್ಕೆ ಸೇರಿಸಿದೆ. ಇದನ್ನು ಮರೆಮಾಚಬಾರದು; ಅದರ ಅರ್ಥವನ್ನೂ ಹೇಳಬೇಕು. ಪುರಾವೆ ಸೀಮಿತವಾದುದು, ನಿಶ್ಚಿತವಲ್ಲ ಎಂಬುದೇ ಆ ಅರ್ಥ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ವರ್ಗದಲ್ಲಿದೆ. ಭಾರತದಲ್ಲಿ ಫೋನುಗಳಿಗೆ ಪ್ರತಿ ಕಿಲೋಗ್ರಾಂ ಅಂಗಾಂಶಕ್ಕೆ 1.6 ವಾಟ್ ಎಂಬ ಮಿತಿಯಿದೆ. ಆದರೂ ಚಿಂತೆಯುಳ್ಳವರು ಇಯರ್‌ಫೋನ್ ಬಳಸಿ ಫೋನನ್ನು ತಲೆಯಿಂದ ತುಸು ದೂರವಿರಿಸಿದರೆ ಸಾಕು. ದೂರ ಹೆಚ್ಚಿದಂತೆ ತರಂಗದ ಪ್ರಭಾವ ಬೇಗನೆ ಕುಗ್ಗುತ್ತದೆ. 'ವಿಕಿರಣ ತಡೆಯುವ' ಸ್ಟಿಕರುಗಳಿಗೆ ಹಣ ಸುರಿಯಬೇಕಾಗಿಲ್ಲ.

ತಪ್ಪು ಭಯದ ನಿಜವಾದ ನಷ್ಟವೆಂದರೆ ಅದು ಸರಿಯಾದ ಎಚ್ಚರವನ್ನು ಮರೆಸುತ್ತದೆ. ವೈಫೈ ಪೆಟ್ಟಿಗೆಗೆ ಹೆದರುವ ಮನೆಯಲ್ಲಿಯೇ ಸಿಪ್ಪೆ ಸುಲಿದ ತಂತಿ ತೂಗಾಡುತ್ತಿರಬಹುದು. ಗುಜರಿಗೆ ಹಾಕಿದ ಹಳೆಯ ಟಿವಿಯ ಕೊಳವೆಯನ್ನು ಮಕ್ಕಳು ಕಲ್ಲಿನಿಂದ ಒಡೆಯುತ್ತಿರಬಹುದು. ಆ ಗಾಜಿನಲ್ಲಿ ಸೀಸವಿದೆ.

ಇನ್ನು ಆ ಹುಡುಗಿಯ ಪ್ರಶ್ನೆ. ಬಿಸಿಲಿನಲ್ಲಿ ಅತಿನೇರಳೆ ಕಿರಣಗಳಿವೆ. ಅವು ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲವೆಂಬುದು ಸಿದ್ಧವಾದ ಸಂಗತಿ. ಅವಳು ಸರಿಯಾಗಿಯೇ ಕೇಳಿದ್ದಳು. "ಎಂಥ ವಿಕಿರಣ? ಎಷ್ಟು? ಎಷ್ಟು ದೂರದಿಂದ?" ಎಂಬ ಮೂರು ಪ್ರಶ್ನೆಗಳನ್ನು ಅವಳ ಬಾಯಿಗೆ ಕೊಟ್ಟು ಕಳುಹಿಸಿದರೆ, ಸಂಜೆ ಅಜ್ಜಿಗೆ ಅವಳೇ ಪಾಠ ಹೇಳಿಯಾಳು.