ಕಲಿಸಿದವರಿಗೂ ಒಂದು ಪ್ರಶಸ್ತಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)

 

ಗಣಿತದಲ್ಲಿ ಹೊಸದನ್ನು ಕಂಡುಹಿಡಿದವರಿಗೆ ಪ್ರಶಸ್ತಿ ಸಿಗುವುದು ಎಲ್ಲರಿಗೂ ಗೊತ್ತು. ಅವಕಾಶವಿಲ್ಲದವರಿಗೆ ಗಣಿತ ಕಲಿಸಿ ಮೇಲೆ ತಂದವರಿಗೂ ಅಮೆರಿಕದಲ್ಲಿ ಪ್ರಶಸ್ತಿಗಳಿವೆ. ಅಂಥದ್ದನ್ನು ಪಡೆದ ಒಬ್ಬರ ವಿಷಯ ಇಂದು ಹೇಳುತ್ತೇವೆ.

ಡಾ. ಅಬ್ದುಲ್ ಅಲೀಂ ಶಬಾಝ್ 1927ರಲ್ಲಿ ಅಲಬಾಮಾ ರಾಜ್ಯದ ಬೆಸೆಮರ್‌ನಲ್ಲಿ ಹುಟ್ಟಿದರು. ಆಗಿನ ಹೆಸರು ಲೋನಿ ಕ್ರಾಸ್, ಮುಸ್ಲಿಮರಾದದ್ದು ಆಮೇಲೆ. ಆ ಕಾಲದಲ್ಲಿ ಅಲ್ಲಿ ಕಪ್ಪುವರ್ಣೀಯರ ಮಕ್ಕಳಿಗೆ ಶಾಲೆಯೇ ಬೇರೆ. 1955ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಕಪ್ಪುವರ್ಣೀಯರು ಓದುತ್ತಿದ್ದ ಅಟ್ಲಾಂಟಾ ವಿಶ್ವವಿದ್ಯಾಲಯಕ್ಕೆ ಬಂದು, 1963ರವರೆಗೆ ಅಲ್ಲಿನ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದರು.

ಅವರ ಬಳಿ ಬಂದವರಲ್ಲಿ ಬಹಳ ಮಂದಿಗೆ ಬುನಾದಿಯೇ ಗಟ್ಟಿಯಿರಲಿಲ್ಲ. ಹಾಗೆಂದು ಅವರು ವಾಪಸು ಕಳಿಸಲಿಲ್ಲ. ಆ ಕೆಲವೇ ವರ್ಷಗಳಲ್ಲಿ 109 ಮಂದಿ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅವರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಮಂದಿ ಮುಂದೆ ಡಾಕ್ಟರೇಟ್ ಮಾಡಿದರು. ಆ ಶಿಷ್ಯರು ಮತ್ತೆ ಶಿಷ್ಯರನ್ನು ತಯಾರು ಮಾಡಿದರು. 1992ರಲ್ಲಿ ಅಮೆರಿಕದ ವಿಜ್ಞಾನ ಸಂಘ ಅವರಿಗೆ ಮಾರ್ಗದರ್ಶಕ ಪ್ರಶಸ್ತಿ ಕೊಟ್ಟದ್ದು ಇದಕ್ಕೇ. ನಡುವೆ ಕೆಲವು ವರ್ಷ ಮಕ್ಕಾದ ಉಮ್ಮುಲ್ ಕುರಾ ವಿಶ್ವವಿದ್ಯಾಲಯದಲ್ಲೂ ಪಾಠ ಹೇಳಿದ್ದರು. ಹಜ್ಜ್‌ಗೆ ಹೋಗಿ ಬಂದವರು ಆ ಹೆಸರು ಕೇಳಿರಬಹುದು. 2014ರಲ್ಲಿ ತೀರಿಕೊಂಡರು.

ಈಗ ನಮ್ಮ ಮನೆಯ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 40 ಬಂತೆಂದರೆ, ‘ಇವನ ತಲೆಗೆ ಲೆಕ್ಕ ಹತ್ತುವುದಿಲ್ಲ’ ಎಂದು ಮನೆಯಲ್ಲೇ ತೀರ್ಪಾಗುತ್ತದೆ. ಹುಡುಗಿಯಾದರೆ ವಿಜ್ಞಾನದ ಮಾತೇ ಎತ್ತುವುದಿಲ್ಲ. ನಮ್ಮ ಟ್ರಸ್ಟಿನ ಅರ್ಜಿಯೂ ಶೇಕಡಾ 75 ಕೇಳುತ್ತದೆ. ಹಣ ಕಡಿಮೆ, ಅರ್ಜಿ ಹೆಚ್ಚು, ಏನೋ ಒಂದು ಗೆರೆ ಎಳೆಯಲೇಬೇಕು, ಒಪ್ಪುತ್ತೇವೆ. ಆದರೆ ಗೆರೆಯ ಕೆಳಗೆ ಉಳಿದ ಮಕ್ಕಳಿಗೆ ಫೀಸಿಗಿಂತ ಮೊದಲು ಮೇಷ್ಟ್ರು ಬೇಕು.

ಅದಕ್ಕೇ ಟ್ರಸ್ಟಿಗಳ ಮುಂದೆ ಒಂದು ಕೋರಿಕೆ ಇಟ್ಟಿದ್ದೇವೆ. ಮುಂದಿನ ವರ್ಷದಿಂದ, ಇನ್‌ ಶಾ ಅಲ್ಲಾಹ್, ಗಣಿತದಲ್ಲಿ ಹಿಂದುಳಿದ ಮಕ್ಕಳಿಗಾಗಿ ಒಂದಷ್ಟು ವಿದ್ಯಾರ್ಥಿವೇತನ ತೆಗೆದಿಡಬೇಕು. ನಮ್ಮ ಹಣದಿಂದ ಇಂಜಿನಿಯರಿಂಗ್, ಬಿ.ಎಸ್ಸಿ. ಓದುತ್ತಿರುವವರು ಭಾನುವಾರ ಎರಡು ಗಂಟೆ ಆ ಮಕ್ಕಳಿಗೆ ಕಲಿಸಬೇಕು. ದಾನಿಗಳಲ್ಲೂ ಲೆಕ್ಕ ಬಲ್ಲವರಿದ್ದೀರಿ. ನಿಮ್ಮ ಆ ಎರಡು ಗಂಟೆಯನ್ನೂ ಸದಕಾ ಎಂದೇ ಎಣಿಸುತ್ತೇವೆ, ರಸೀದಿ ಮಾತ್ರ ಕೊಡಲಾಗದು.

ಸಭೆ ಮುಗಿದ ಮೇಲೆ ಕಚೇರಿಯ ರಿಜಿಸ್ಟರಿನಲ್ಲಿ ನಿಮ್ಮ ಹೆಸರು, ಯಾವ ತರಗತಿಗೆ ಕಲಿಸುವಿರಿ ಎಂಬುದನ್ನು ಬರೆಯಿರಿ. ಹುಡುಗಿಯರ ತರಗತಿಗೆ ಇಬ್ಬರು ಶಿಕ್ಷಕಿಯರು ಆಗಲೇ ಒಪ್ಪಿದ್ದಾರೆ. ಇನ್ನಿಬ್ಬರು ಬೇಕು.