ಸೀರೆಯುಟ್ಟ ಮಾತೆ

(ಕಗ್ಗದಾಸಪುರದಲ್ಲಿ ಮರಿಯ ಮಾತೆಯ ಜನನೋತ್ಸವದ ಮುನ್ನಾದಿನ ನೀಡಿದ ಪ್ರಬೋಧನೆ)



ನಾಳೆ ಸಂಜೆ ನಮ್ಮಲ್ಲಿ ಅನೇಕರು ಶಿವಾಜಿನಗರದ ತೇರಿಗೆ ಹೋಗುವಿರಿ. ಅಲ್ಲಿ ಮಾತೆ ಸೀರೆಯುಟ್ಟು ನಿಂತಿರುತ್ತಾರೆ. ಮೇಣದಬತ್ತಿ, ಹೂವಿನ ಹಾರ, ಕಾವಿ ತೊಟ್ಟ ಹರಕೆಯವರು, ಜ್ಞಾನಸ್ನಾನ ಪಡೆಯದ ಎಷ್ಟೋ ತಾಯಂದಿರು. "ಸ್ವಾಮಿ, ಇದು ಮಾತೆಯ ಹಬ್ಬವೋ ಊರಮ್ಮನ ಜಾತ್ರೆಯೋ?" ಎಂದು ಕೇಳುವವರೂ ಇದ್ದಾರೆ.

ಪ್ರಶ್ನೆ ಹಳೆಯದು. 1531ರಲ್ಲಿ ಮೆಕ್ಸಿಕೋದ ತೆಪೆಯಾಕ್ ಗುಡ್ಡದಲ್ಲಿ ಮಾತೆ ಹ್ವಾನ್ ದಿಯೆಗೊ ಎಂಬ ಆದಿವಾಸಿಗೆ ದರ್ಶನವಿತ್ತರು. ಆಳುವ ಸ್ಪೇನಿನವರ ಭಾಷೆಯಲ್ಲಲ್ಲ, ಅವನ ನಾವಾಟ್ಲ್ ಭಾಷೆಯಲ್ಲೇ ಮಾತನಾಡಿದರು ಎಂದು ಪರಂಪರೆ ಹೇಳುತ್ತದೆ. ಅಲ್ಲಿನ ಜನ ಮಾತೆಯನ್ನು ತಮ್ಮ ಹಳೆಯ ದೇವಿಯ ಹೆಸರಾದ ತೊನಾಂಟ್ಸಿನ್, ಎಂದರೆ 'ನಮ್ಮ ತಾಯಿ', ಎಂದೇ ಕರೆದರು. ಸಹಗುನ್ ಎಂಬ ಫ್ರಾನ್ಸಿಸ್ಕನ್ ಗುರುಗಳು, ಬಹಳ ಓದಿಕೊಂಡವರು, ಹಳೆಯ ಪೂಜೆಯೇ ವೇಷ ಮರೆಸಿ ಬಂದಿದೆಯೆಂದು 1576ರಲ್ಲಿ ಬರೆದರು. ಅವರ ಭಯವೇ ಗೆದ್ದು ಆ ಗುಡ್ಡದ ಬಾಗಿಲು ಮುಚ್ಚಿದ್ದರೆ? ಆ ನಾಡಿನ ಬಡವರು ಪ್ರಭುವಿನ ಹತ್ತಿರ ಯಾವ ದಾರಿಯಿಂದ ಬರಬೇಕಿತ್ತು? 2002ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಹ್ವಾನ್ ದಿಯೆಗೊರನ್ನು ಸಂತರೆಂದು ಘೋಷಿಸಿದರು.

ಶಿವಾಜಿನಗರದಲ್ಲಿ ಪುಟ್ಟ ಪ್ರಾರ್ಥನಾಲಯ ಕಟ್ಟಿದ ಅಬ್ಬೆ ದುಬುವಾ ನಮ್ಮವರಂತೆಯೇ ಉಟ್ಟು ಉಂಡು ಬಾಳಿದವರು. ಆದರೂ ಇಲ್ಲಿಯ ಜನ ಕ್ರೈಸ್ತರಾಗುವುದು ಅಸಾಧ್ಯವೆಂದು ಬರೆದ ಅವರ ಪುಸ್ತಕ 1823ರಲ್ಲಿ ಪ್ರಕಟವಾಯಿತು. ಪಾಪ, ನಾಳೆಯ ಜನಸಂದಣಿಯನ್ನು ಅವರು ನೋಡಬೇಕಿತ್ತು!

ನಾವು ಮಾತೆಯನ್ನು ದೇವರೆಂದು ಆರಾಧಿಸುವುದಿಲ್ಲ, ಇದು ಸ್ಪಷ್ಟವಿರಲಿ. ಕಾನಾ ಊರಿನ ಮದುವೆಯಲ್ಲಿ ಸೇವಕರನ್ನು ಮಗನ ಕಡೆಗೆ ಕಳುಹಿಸಿದ ತಾಯಿ ಅವರು. ಆ ಸೇವಕರ ಹಿನ್ನೆಲೆಯನ್ನು ಅವರು ವಿಚಾರಿಸಲಿಲ್ಲ.

ನಾಳೆ ಸಾಲಿನಲ್ಲಿ ನಿಮ್ಮ ಹಿಂದೆ ಕುಂಕುಮವಿಟ್ಟ ತಾಯಿಯೊಬ್ಬಳು ಮಡಿಸಿದ ಸೀರೆ ಹಿಡಿದು ನಿಂತಿದ್ದರೆ, ಯಾವ ಧರ್ಮಕೇಂದ್ರ ಎಂದು ಕೇಳಬೇಡಿ. ಅವಳ ಮಗುವಿಗೆ ಏನಾಗಿದೆಯೆಂದು ಕೇಳಿ.