ಹಸಿರು ಗುಡ್ಡವೂ ನಮ್ಮ ಗುಮಾನಿಯೂ

ಸಹೋದರರೇ, ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಪರದೆಯ ಮೇಲಿದ್ದ ಆ ಹಸಿರು ಗುಡ್ಡ ನೆನಪಿದೆಯಲ್ಲವೇ? ಮೈಕ್ರೋಸಾಫ್ಟಿನ ಜಾಹೀರಾತುಗಳಲ್ಲೂ ಅದೇ ಇತ್ತು. ಇಷ್ಟು ಹಸಿರು ಎಲ್ಲಿದ್ದೀತು, ಕಂಪ್ಯೂಟರಿನಲ್ಲೇ ಬಿಡಿಸಿದ್ದು ಎಂದು ನಮ್ಮಲ್ಲಿ ಅನೇಕರು ತೀರ್ಮಾನಿಸಿದ್ದೆವು.

ಅದು ನಿಜವಾದ ಗುಡ್ಡ. 1996ರ ಜನವರಿಯಲ್ಲಿ, ಚಳಿಗಾಲದ ಮಳೆಗೆ ಹುಲ್ಲು ಚಿಗುರಿದ್ದಾಗ, ಕ್ಯಾಲಿಫೋರ್ನಿಯದ ಸೊನೋಮಾ ಕೌಂಟಿಯಲ್ಲಿ ಚಾರ್ಲ್ಸ್ ಓರಿಯರ್ ಫಿಲ್ಮ್ ಕ್ಯಾಮೆರಾದಿಂದ ತೆಗೆದದ್ದು. ಬಣ್ಣವನ್ನು ಗಾಢವಾಗಿ ತೋರಿಸುವ ಫಿಲ್ಮ್ ಅದು; ತಾನು ತಿದ್ದಿಲ್ಲ ಎಂದು ಅವರೇ ಹೇಳಿದ್ದಾರೆ. ನಾವೋ, ವಿಚಾರಿಸದೆಯೇ ಒಬ್ಬರ ದುಡಿಮೆಯನ್ನು ಸುಳ್ಳೆಂದಿದ್ದೆವು.

ಸುದ್ದಿ ಬಂದರೆ ಪರಿಶೀಲಿಸಿ ಎಂದು ಹೇಳುವ ಹುಜುರಾತ್ ಅಧ್ಯಾಯವೇ ಗುಮಾನಿಯಿಂದ ದೂರವಿರಲೂ ಹೇಳುತ್ತದೆ. ಮೊದಲನೆಯದು ನಮಗೆ ಬಾಯಿಪಾಠ. ಎಐ ಚಿತ್ರಗಳ ಈ ಕಾಲದಲ್ಲಿ ಎರಡನೆಯದೂ ಬೇಕು. ಬೆರಗಾಗಿಸುವ ಜಾಹೀರಾತು ಕಂಡರೆ ಯಾರು, ಎಲ್ಲಿ, ಯಾವಾಗ ತೆಗೆದದ್ದೆಂದು ಮಕ್ಕಳೊಂದಿಗೆ ಕೂತು ಹುಡುಕೋಣ. ಸಿಗದಿದ್ದರೆ 'ಗೊತ್ತಿಲ್ಲ' ಎನ್ನೋಣ.